ಮೂರು ಚಳಿಗಾಲ ಮುಂದಿನ ಸೌದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮಕ್ಕಿರುವ ಗುಡ್ಡದ ಊರಿನಲ್ಲಿ. ನಾನು ಹುಟ್ಟಿದ್ದು ಮಲೆನಾಡಿನ ಸಾಗರದ ಕಡೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಮನೆ ಬೆಚ್ಚಗಿರುವುದು ಸೌದೆ ಒಲೆಯಿಂದ. ಮನೆಗೆ ಬಂದ ಕನ್ನಡದವರ ಕಣ್ಣಿಗೆ ಮೊದಲು ಬೀಳುವುದು ಹಿತ್ತಲಿನ ಸೌದೆ ಅಟ್ಟಿಗಳು. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ ಹಳೆ ಮನೆ ಕೊಂಡು ಒಲೆ ಹಾಕಿಸಬೇಕು ಎಂದಿರುವವರೂ ಕೇಳುತ್ತಾರೆ. ಊರಿನ ನೆಂಟರೂ ಕೇಳುತ್ತಾರೆ. ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೂರು ವರ್ಷಕ್ಕೆ ಆಗುವಷ್ಟು ಸೌದೆ ಯಾಕೆ? ಒಂದು ವರ್ಷದ್ದು ಸಾಲದಾ?

ಸೌದೆ ಮುಗಿದುಹೋಗುತ್ತದೆ ಎಂಬ ಹೆದರಿಕೆಯಿಂದ ಅಲ್ಲ. ಒಣಗಲು ಅಷ್ಟು ಕಾಲ ಬೇಕು, ಅದಕ್ಕೆ.

ಈಗ ತಾನೇ ಕಡಿದ ಕೆಂಪು ಓಕ್ ಮರವನ್ನು ಸೀಳಿ ಪೇರಿಸಿದ್ದೀರಿ ಅಂದುಕೊಳ್ಳಿ. ಇಲ್ಲಿ ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ, ಅಂದರೆ 128 ಘನ ಅಡಿಯ ರಾಶಿ. ಒಂದು ಕಾರ್ಡ್ ಹಸಿ ಓಕ್ ಸುಮಾರು 2,200 ಕೆಜಿ ತೂಗುತ್ತದೆ. ಅದೇ ಸೌದೆ ಚೆನ್ನಾಗಿ ಒಣಗಿದ ಮೇಲೆ ಸುಮಾರು 1,600 ಕೆಜಿ. ನಡುವಿನ 600 ಕೆಜಿ ಬರೀ ನೀರು. 200 ಲೀಟರಿನ ಮೂರು ಡ್ರಮ್ ತುಂಬುವಷ್ಟು! ಆ ನೀರನ್ನು ಬಿಸಿಲು, ಗಾಳಿಗೆ ಬಿಟ್ಟರೆ ಅವು ಪುಕ್ಕಟೆಯಾಗಿ ತೆಗೆಯುತ್ತವೆ. ಬಿಡದಿದ್ದರೆ ಒಲೆಯೇ ಕುದಿಸಿ ಆವಿ ಮಾಡಬೇಕು. ಮನೆಗೆ ಬರಬೇಕಾದ ಶಾಖ ಆವಿಯಾಗಿ ಚಿಮಣಿಯಿಂದ ಆಚೆ ಹೋಗುತ್ತದೆ.

ಓಕ್ ಇದರಲ್ಲಿ ಬಹಳ ನಿಧಾನ. ಬಿಳಿ ಓಕ್‌ನ ರಂಧ್ರಗಳು ಮರದೊಳಗೇ ಮುಚ್ಚಿಕೊಂಡಿರುತ್ತವೆ. ವೈನ್ ಪೀಪಾಯಿಗೆ ಆ ಮರ ಬಳಸುವುದು ಅದಕ್ಕೇ, ಸೋರುವುದಿಲ್ಲ. ಸೋರದ ಮರ ಬೇಗ ಒಣಗೀತಾ? ಸೀಳಿದ ಮೇಲೆ ಎರಡು ಬೇಸಿಗೆ ಬೇಕೇ ಬೇಕು. ಮೂರು ಆದರೆ ನಿಶ್ಚಿಂತೆ. ನಮ್ಮ ಗುಡ್ಡದಲ್ಲಿ ಜಾಸ್ತಿ ಸಿಗುವುದು ಓಕ್. ಹಾಗಾಗಿ ಈ ಚಳಿಗಾಲದಲ್ಲಿ ಸುಡುವುದನ್ನು ಮೂರು ವರ್ಷದ ಹಿಂದೆ ಸೀಳಿರುತ್ತೇವೆ. ಈ ವರ್ಷ ಸೀಳುವುದು ಮೂರು ವರ್ಷ ಬಿಟ್ಟು ಸುಡುವುದಕ್ಕೆ.

ಅಂಗಡಿಯವರು "ಒಣಗಿದ್ದು" ಅಂತಲೇ ಮಾರುತ್ತಾರಲ್ಲ? ಅದನ್ನೇ ತಂದರೆ ಆಗಲ್ವಾ?

ನಾವು ಮೊದಲ ಚಳಿಗಾಲ ಮಾಡಿದ್ದು ಅದನ್ನೇ. ಮನೆಯ ಹಿಂದಿನ ಯಜಮಾನರು ಬಿಟ್ಟುಹೋಗಿದ್ದ ಸೌದೆ ಡಿಸೆಂಬರ್ ಹೊತ್ತಿಗೆ ಖಾಲಿಯಾಯಿತು. ಗಾಬರಿಯಲ್ಲಿ ಫೋನ್ ಮಾಡಿ ಎರಡು ಕಾರ್ಡ್ ತರಿಸಿದೆ. ಲಾರಿಯವನು "ಒಂದು ವರ್ಷ ಒಣಗಿದೆ" ಎಂದ. ಸುಳ್ಳು ಹೇಳಿದ ಅಂತ ನಾನು ಹೇಳುವುದಿಲ್ಲ. ಮರ ಕಡಿದು ವರ್ಷ ಆಗಿತ್ತು, ಆದರೆ ಸೀಳಿದ್ದು ಹಿಂದಿನ ವಾರ. ದಿಮ್ಮಿಯಾಗಿ ಬಿದ್ದಿರುವ ಮರ ಒಣಗುವುದಿಲ್ಲ. ತೊಗಟೆ ಅದರ ರೇನ್‌ಕೋಟ್ ಇದ್ದ ಹಾಗೆ. ಒಳಗಿನ ನೀರು ಒಳಗೇ ಇರುತ್ತದೆ.

ಆ ಸೌದೆ ಒಲೆಯೊಳಗೆ ಸುಯ್‌ಗುಟ್ಟುತ್ತಿತ್ತು. ತುದಿಯಲ್ಲಿ ನೊರೆ ಬರುತ್ತಿತ್ತು. ಹೊರಗೆ ಮೈನಸ್ 20 ಡಿಗ್ರಿ, ಒಳಗೆ ಒಲೆ ಉರಿಯುತ್ತಿದ್ದರೂ ಮಗಳು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಒಲೆಯ ಗಾಜು ಎರಡೇ ದಿನಕ್ಕೆ ಕಪ್ಪಾಯಿತು. ನಮ್ಮ ಬಚ್ಚಲೊಲೆಗೆ ಹಸಿ ಸೌದೆ ತುರುಕಿದರೆ ಅಮ್ಮ ಬೈಯುತ್ತಿದ್ದದ್ದು ನೆನಪಾಯಿತು. ಅಷ್ಟು ತಿಳಿದವನಾಗಿಯೂ ಮೋಸ ಹೋಗಿದ್ದೆ.

ಹಾಗಾಗಿ ಸಲಹೆ ಇಷ್ಟೇ: ಯಾರೇ ಮಾರಲಿ, ಹಸಿ ಅಂತಲೇ ತಿಳಿದು ಕೊಳ್ಳಿ. ಚಳಿಗಾಲ ಬಂದಾಗ ಕೊಳ್ಳುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಿವಿ, ಕೈ, ಕಣ್ಣು ಮೂರೂ ಹೇಳುತ್ತವೆ. ಒಣ ಸೀಳುಗಳೆರಡನ್ನು ಬಡಿದರೆ ಟಣ್ ಎನ್ನುತ್ತವೆ. ಹಸಿಯದು ದಬ್ ಎನ್ನುತ್ತದೆ. ಒಣಗಿದ್ದು ಕೈಗೆ ಹಗುರ. ತುದಿಯಲ್ಲಿ ಬಿರುಕು ಇರುತ್ತದೆ. ಆದರೆ ಓಕ್ ವಿಷಯದಲ್ಲಿ ಬಿರುಕನ್ನು ನಂಬಬೇಡಿ. ತುದಿ ಮೊದಲ ತಿಂಗಳಲ್ಲೇ ಬಿರಿಯುತ್ತದೆ, ಹೊಟ್ಟೆಯಲ್ಲಿ ಇನ್ನೂ ನೀರಿರುತ್ತದೆ.

ಸರಿಯಾದ ದಾರಿ ತೇವಾಂಶ ಮೀಟರ್. ಎರಡು ಸೂಜಿ ಇರುವ ಸಣ್ಣ ಯಂತ್ರ, ಬೆಲೆಯೂ ಕಡಿಮೆ. ಹೊರಮೈಗೆ ಚುಚ್ಚಿ ನೋಡುವುದು ಎಲ್ಲರೂ ಮಾಡುವ ತಪ್ಪು. ಹೊರಮೈ ಯಾವಾಗಲೂ ಒಣಗಿಯೇ ಇರುತ್ತದೆ. ಸೀಳನ್ನು ಮತ್ತೊಮ್ಮೆ ಸೀಳಿ, ಹೊಸದಾಗಿ ತೆರೆದ ಮುಖದ ನಡುವೆ, ಎಳೆಯ ಉದ್ದಕ್ಕೆ ಸೂಜಿ ಒತ್ತಿ. ಶೇ 20ಕ್ಕಿಂತ ಕಡಿಮೆ ತೋರಿಸಿದರೆ ಸುಡಬಹುದು. ಚಳಿಯಲ್ಲಿ ಮರಗಟ್ಟಿದ ಸೌದೆಗೆ ಚುಚ್ಚಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ದಿನ ಮನೆಯೊಳಗೆ ಇಟ್ಟು ಆಮೇಲೆ ನೋಡಿ.

ಕಾರ್ಡ್ ಅಂದರೆ ಎಷ್ಟು? ಒಂದು ಮನೆಗೆ ಎಷ್ಟು ಬೇಕು?

4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ. ಒಟ್ಟು 128 ಘನ ಅಡಿ. ಸಂದಿಗಳ ಗಾಳಿ ಬಿಟ್ಟರೆ ಅದರೊಳಗೆ ನಿಜವಾದ ಮರ 80-90 ಘನ ಅಡಿ ಇರುತ್ತದೆ. ಕೆಲವರು "ಫೇಸ್ ಕಾರ್ಡ್" ಎಂದು ಮಾರುತ್ತಾರೆ. ಅದು 4 ಅಡಿ ಎತ್ತರ, 8 ಅಡಿ ಉದ್ದದ ಒಂದೇ ಸಾಲು. ತುಂಡುಗಳು 16 ಇಂಚಿನವಾದರೆ ಅದು ಕಾರ್ಡ್‌ನ ಮೂರನೇ ಒಂದು ಭಾಗ ಮಾತ್ರ. ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಿ.

ನಮ್ಮದು 1,500 ಚದರಡಿಯ ಹಳೆ ಮನೆ. ಚಳಿಗಾಲಕ್ಕೆ ನಾಲ್ಕು ಕಾರ್ಡ್ ಬೇಕು, ಚಳಿ ಜೋರಾದ ವರ್ಷ ಐದು. ಮೂರು ವರ್ಷಕ್ಕೆ ಅಂದರೆ ಕಡಿಮೆಯೆಂದರೂ ಹನ್ನೆರಡು. 16 ಇಂಚಿನ ಸೌದೆಯನ್ನು 4 ಅಡಿ ಎತ್ತರಕ್ಕೆ ಒಂಟಿ ಸಾಲಾಗಿ ಪೇರಿಸಿದರೆ ಒಂದು ಕಾರ್ಡ್‌ಗೆ 24 ಅಡಿ ಉದ್ದ ಬೇಕು. ಹನ್ನೆರಡಕ್ಕೆ 288 ಅಡಿ! ಮೊದಲು ಜಾಗ ಅಳೆಯಿರಿ, ಆಮೇಲೆ ಒಲೆ ಕೊಳ್ಳಿ.

ಒಂದು ಕಾರ್ಡ್ ಒಣ ಓಕ್ ಕೊಡುವ ಶಾಖ ಸರಿಸುಮಾರು 500 ಲೀಟರ್ ಹೀಟಿಂಗ್ ಆಯಿಲ್‌ಗೆ (ಇಲ್ಲಿ ಮನೆ ಬೆಚ್ಚಗಿಡಲು ಬಾಯ್ಲರ್‌ಗೆ ಹಾಕುವ ಎಣ್ಣೆ) ಸಮ.

ಯಾವ ಮರ ಒಳ್ಳೆಯದು?

ಕೆಜಿ ಲೆಕ್ಕದಲ್ಲಿ ನೋಡಿದರೆ ಒಣಗಿದ ಎಲ್ಲ ಮರವೂ ಹೆಚ್ಚು ಕಡಿಮೆ ಒಂದೇ ಶಾಖ ಕೊಡುತ್ತದೆ. ವ್ಯತ್ಯಾಸ ಇರುವುದು ಗಟ್ಟಿತನದಲ್ಲಿ. ಒಂದು ಕಾರ್ಡ್ ಬಿಳಿ ಪೈನ್‌ನ ಶಾಖ ಓಕ್‌ನ ಮೂರನೇ ಎರಡು ಭಾಗದಷ್ಟು. ಹಿಕೋರಿ ಎಂಬ ಮರ ಓಕ್‌ಗಿಂತಲೂ ಮೇಲು. ಸಕ್ಕರೆ ಮೇಪಲ್ ಓಕ್‌ಗೆ ಸರಿಸಾಟಿ, ಅದೂ ಒಂದು-ಒಂದೂವರೆ ವರ್ಷಕ್ಕೇ ತಯಾರು. ಬರ್ಚ್ ಚೆನ್ನಾಗಿ ಉರಿಯುತ್ತದೆ, ಆದರೆ ಅದರ ತೊಗಟೆ ನೀರನ್ನು ಒಂಚೂರೂ ಬಿಡುವುದಿಲ್ಲ. ಸೀಳದೆ ಬಿಟ್ಟರೆ ಒಳಗೊಳಗೇ ಕೊಳೆತು ಹಿಟ್ಟಾಗುತ್ತದೆ.

ಆ್ಯಶ್ ಬಗ್ಗೆ ಬರೆಯುವಾಗ ಸಂಕಟವಾಗುತ್ತದೆ. ನಿಂತಿರುವಾಗಲೇ ನೀರು ಕಡಿಮೆ ಇರುವ ಮರ ಅದು, ಸೀಳಲು ಸಲೀಸು, ಆರೇಳು ತಿಂಗಳಿಗೇ ಒಲೆಗೆ ಬರುತ್ತದೆ. ಈಗ ಎಲ್ಲೆಂದರಲ್ಲಿ ಸಿಗುತ್ತದೆ, ಯಾಕೆಂದರೆ ಎಲ್ಲೆಂದರಲ್ಲಿ ಸಾಯುತ್ತಿದೆ. ಏಷ್ಯಾದಿಂದ ಬಂದ ಹಸಿರು ಬಣ್ಣದ ಕೊರಕ ಹುಳು 2002ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು. 2012ರಲ್ಲಿ ನಮ್ಮ ರಾಜ್ಯದ ಡಾಲ್ಟನ್ ಊರಿಗೆ ಬಂತು. ನಮ್ಮ ಬೇಲಿಯ ಏಳು ಆ್ಯಶ್ ಮರಗಳಲ್ಲಿ ಐದು ಹೋದವು. ಅವುಗಳ ಸೌದೆಯೇ ನಮಗೆ ಮೂರು ವರ್ಷದ ದಾಸ್ತಾನು ಕಟ್ಟಿಕೊಟ್ಟಿದ್ದು.

ನಿಂತು ಒಣಗಿದ ಓಕ್ ಸಿಕ್ಕಿತು, ಈ ವರ್ಷವೇ ಸುಡಬಹುದಾ ಅಂತಲೂ ಕೇಳುತ್ತಾರೆ. 2016-18ರಲ್ಲಿ ಎಲೆ ತಿನ್ನುವ ಕಂಬಳಿಹುಳುಗಳ ಹಾವಳಿಗೆ ಈ ರಾಜ್ಯದಲ್ಲಿ ತುಂಬಾ ಓಕ್ ಸತ್ತವು. ಅಂಥ ಮರದ ಮೇಲಿನ ಕೊಂಬೆ ಒಣಗಿರುತ್ತದೆ, ಬುಡದ ಕಾಂಡ ಹಸಿಯಾಗೇ ಇರುತ್ತದೆ. ಮೀಟರ್ ಹಾಕಿ ನೋಡಿ.

ಸೀಳುವುದು ಯಾವಾಗ, ಹೇಗೆ?

ಮರ ಬಿದ್ದ ಕೂಡಲೇ. ಒಣಗುವ ಲೆಕ್ಕ ಶುರುವಾಗುವುದೇ ಸೀಳಿದ ದಿನದಿಂದ. ಮರದೊಳಗೆ ನೀರು ಎಳೆಯ ಉದ್ದಕ್ಕೆ ಬೇಗ ಹರಿಯುತ್ತದೆ. ಅಡ್ಡಕ್ಕೆ ಹರಿಯುವುದಕ್ಕಿಂತ 10-15 ಪಟ್ಟು ಬೇಗ. ಹಾಗಾಗಿ ಚಿಕ್ಕ ತುಂಡು ಬೇಗ ಒಣಗುತ್ತದೆ. ಕೈಯಗಲಕ್ಕಿಂತ ದಪ್ಪದ ಸೀಳು ಇಡಬೇಡಿ.

ಚಳಿಗಾಲದಲ್ಲಿ ಕಡಿದರೆ ಮರದಲ್ಲಿ ನೀರೇ ಇರುವುದಿಲ್ಲ ಎನ್ನುವ ಮಾತಿದೆ. ಅದು ನಿಜವಲ್ಲ, ವ್ಯತ್ಯಾಸ ಅಲ್ಪ. ಆದರೂ ನಾನು ಜನವರಿಯಲ್ಲೇ ಸೀಳುತ್ತೇನೆ. ಹೆಪ್ಪುಗಟ್ಟಿದ ಕುಂಟೆ ಒಂದೇ ಏಟಿಗೆ ಚಕ್ಕನೆ ಬಿಚ್ಚುತ್ತದೆ. ಸೊಳ್ಳೆ, ಉಣ್ಣೆಗಳ ಕಾಟವೂ ಇಲ್ಲ. ಈ ಕಡೆಯ ಉಣ್ಣೆ ಲೈಮ್ ಕಾಯಿಲೆ ಹರಡುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಊರಿನ ಕೊಡಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಓಕ್‌ನಲ್ಲಿ ಕಚ್ಚಿಕೊಂಡು ಕೂರುತ್ತದೆ. 3-4 ಕೆಜಿಯ ಮೊಂಡು ಕೊಡಲಿ ಮತ್ತು ಕಬ್ಬಿಣದ ಬೆಣೆ ಬೇಕು. ಗಂಟು ಮರಕ್ಕೆ ಹೈಡ್ರಾಲಿಕ್ ಯಂತ್ರವನ್ನು ದಿನದ ಬಾಡಿಗೆಗೆ ತನ್ನಿ. ಚೈನ್‌ಸಾ ಹಿಡಿಯುವವರು ಹೆಲ್ಮೆಟ್, ಕಿವಿ ಮುಚ್ಚುವ ಕವಚ, ತೊಡೆಗೆ ಕಟ್ಟುವ ರಕ್ಷಣೆ ಇಲ್ಲದೆ ಅದನ್ನು ಮುಟ್ಟಬಾರದು. ನಾನಂತೂ ನಿಂತ ಮರ ಬೀಳಿಸುವುದಿಲ್ಲ, ಅದಕ್ಕೆ ತಿಳಿದವರನ್ನು ಕರೆಯುತ್ತೇನೆ.

ಅಟ್ಟಿ ಹಾಕುವುದು ಹೇಗೆ?

ನನಗೆ ಇಡೀ ಕೆಲಸದಲ್ಲಿ ಇದೇ ಇಷ್ಟ. ಅವಸರ ಮಾಡಬೇಡಿ.

ಮೊದಲು ಜಾಗ. ಬಿಸಿಲು ಮತ್ತು ಗಾಳಿ ಎರಡೂ ಸಿಗಬೇಕು. ಒಂದೇ ಸಿಗುವುದಾದರೆ ಗಾಳಿಯನ್ನು ಆರಿಸಿ. ಗಾಳಿ ಬೀಸುವ ಕಡೆಗೆ ಅಟ್ಟಿಯ ಅಗಲ ಮುಖ ಇರಲಿ, ಗಾಳಿ ಸಂದಿಗಳಲ್ಲಿ ತೂರಿ ಹೋಗಬೇಕು. ದೊಡ್ಡ ಮರದ ನೆರಳು, ತೊಟ್ಟಿಕ್ಕುವ ಸೂರು, ತಗ್ಗು ಜಾಗ ಬೇಡ.

ಆಮೇಲೆ ತಳ. ನೆಲಕ್ಕೆ ತಾಗಿದ ಸೌದೆ ಒಣಗುವುದಿಲ್ಲ, ಗೆದ್ದಲಿಗೆ ಊಟವಾಗುತ್ತದೆ. ಅಂಗಡಿಗಳಲ್ಲಿ ಬಿಸಾಡುವ ಮರದ ಪ್ಯಾಲೆಟ್‌ಗಳನ್ನು ಸಾಲಾಗಿ ಹಾಸಿ. ಊರಲ್ಲಿ ನಾವು ಅಡ್ಡ ತೊಲೆ ಹಾಕುತ್ತಿದ್ದೆವಲ್ಲ, ಹಾಗೇ. ಪ್ಯಾಲೆಟ್ ಮಟ್ಟಸವಾಗಿದೆಯಾ ನೋಡಿಕೊಳ್ಳಿ. ಇಲ್ಲಿ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಮಣ್ಣು ಉಬ್ಬುತ್ತದೆ, ವಸಂತದಲ್ಲಿ ಕರಗಿ ಕುಸಿಯುತ್ತದೆ. ನವೆಂಬರ್‌ನಲ್ಲಿ ನೆಟ್ಟಗಿದ್ದ ಅಟ್ಟಿ ಏಪ್ರಿಲ್‌ನಲ್ಲಿ ಮಗುಚಿಕೊಳ್ಳುವುದು ಇದರಿಂದಲೇ. ಎತ್ತರ 4 ಅಡಿಗೆ ನಿಲ್ಲಿಸಿ. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ, ಅಟ್ಟಿ ಹತ್ತಬಾರದು ಅಂತ ಮೊದಲೇ ಹೇಳಿಡಿ.

ಎರಡೂ ತುದಿಗಳಲ್ಲಿ ಸೀಳುಗಳನ್ನು ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಇಟ್ಟು ಕಂಬದ ಹಾಗೆ ಕಟ್ಟಿ. ಅದಕ್ಕೆ ಚೌಕದ, ನೇರ ಸೀಳುಗಳನ್ನು ಮೊದಲೇ ಆರಿಸಿಟ್ಟುಕೊಳ್ಳಿ. ನಡುವಿನವನ್ನು ಒತ್ತೊತ್ತಾಗಿ ಜೋಡಿಸುವ ಆಸೆ ಬರುತ್ತದೆ, ನೋಡಲು ಚಂದ. ಸ್ವಲ್ಪ ಸಡಿಲವಾಗಿಯೇ ಬಿಡಿ. ಎರಡು ಸಾಲುಗಳ ನಡುವೆ ಒಂದು ಅಡಿಯಾದರೂ ಸಂದಿ ಇರಲಿ. ಓಕ್ ಅನ್ನು ಮಾತ್ರ ಯಾವಾಗಲೂ ಒಂಟಿ ಸಾಲಲ್ಲೇ ಹಾಕುತ್ತೇನೆ.

ಜರ್ಮನ್ನರು ದುಂಡಗಿನ ಅಟ್ಟಿ ಹಾಕುತ್ತಾರೆ, ಹೋಲ್ಜ್‌ಹೌಸನ್ ಅಂತ ಹೆಸರು. ಸುತ್ತಲೂ ವೃತ್ತಾಕಾರದ ಗೋಡೆ, ಒಳಗೆ ನಿಲ್ಲಿಸಿದ ತುಂಡುಗಳು, ಮೇಲೆ ತೊಗಟೆಯ ಹೊದಿಕೆ. ನೋಡಿದರೆ ನಮ್ಮ ಹುಲ್ಲಿನ ಬಣವೆ ಥರ. ನಾನೂ ಒಂದು ಕಟ್ಟಿದೆ. ಜಾಗ ಉಳಿಯಿತು. ಆದರೆ ಒಳಗಿನ ಓಕ್ ಸಾಲಿನಲ್ಲಿದ್ದ ಓಕ್‌ಗಿಂತ ಬೇಗ ಒಣಗಲಿಲ್ಲ.

ತೊಗಟೆ ಮೇಲಿರಬೇಕಾ, ಕೆಳಗಿರಬೇಕಾ?

ಮೇಲೆ ಹೊದಿಕೆ ಇದ್ದರೆ ಹೇಗಿಟ್ಟರೂ ಸರಿ. ಇಲ್ಲದಿದ್ದರೆ ಕೊನೆಯ ಪದರದ ತೊಗಟೆ ಮೇಲಿರಲಿ, ಹೆಂಚಿನ ಹಾಗೆ ನೀರು ಜಾರಿಸುತ್ತದೆ. ನಾರ್ವೆಯಲ್ಲಿ 2013ರ ಫೆಬ್ರುವರಿಯಲ್ಲಿ ಸರ್ಕಾರಿ ಟಿವಿ ಸೌದೆ ಬಗ್ಗೆಯೇ 12 ಗಂಟೆಯ ಕಾರ್ಯಕ್ರಮ ಮಾಡಿತ್ತು. ಆಗ ವೀಕ್ಷಕರು ಇದೇ ವಿಷಯಕ್ಕೆ ಎರಡು ಪಂಗಡವಾಗಿ ದೂರು ಕಳಿಸಿದ್ದರು.

ಇಡೀ ಅಟ್ಟಿಗೆ ಟಾರ್ಪಾಲಿನ್ ಹೊದಿಸಿ ಕಟ್ಟಿಬಿಟ್ಟರೆ?

ಬೇಡ. ಒಳಗಿನ ಆವಿ ಹೊರಗೆ ಹೋಗದೆ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಸೌದೆ ಮೇಲೇ ಬೀಳುತ್ತದೆ. ಬೂಸ್ಟು ಬರುತ್ತದೆ. ತಲೆಗೆ ಮಾತ್ರ ಹೊದಿಸಿ, ಪಕ್ಕಗಳು ಬಿಚ್ಚಿರಲಿ. ನಾನು ಹಳೆ ತಗಡಿನ ಶೀಟ್ ಇಟ್ಟು ಮೇಲೆ ಕಲ್ಲು ಹೇರುತ್ತೇನೆ. ಒಣಗಿದ ಸೌದೆಗೆ ಮಳೆ ಬಿದ್ದರೆ ಗಾಬರಿ ಬೇಡ. ಹೊರಮೈಯ ನೀರು ಎರಡು ದಿನದ ಗಾಳಿಗೆ ಆರುತ್ತದೆ.

ಸುಡುವ ವರ್ಷದ್ದನ್ನು ಮಾತ್ರ ಸೆಪ್ಟೆಂಬರ್‌ನಲ್ಲಿ ಸೌದೆ ಕೊಟ್ಟಿಗೆಗೆ ಸಾಗಿಸುತ್ತೇವೆ. ಹಿಮದಡಿಯಿಂದ ಸೌದೆ ಕೀಳುವುದು ಒಂದು ವರ್ಷಕ್ಕೇ ಸಾಕಾಯಿತು.

ಮನೆಯೊಳಗೇ ಒಟ್ಟಿಡಬಹುದಾ?

ಎರಡು ಮೂರು ದಿನದ್ದು ಸಾಕು. ಸೌದೆ ಜೊತೆ ಮರ ಕೊರೆಯುವ ಬಡಗಿ ಇರುವೆ, ಜೇಡ, ಇಲಿ ಎಲ್ಲ ಬರುತ್ತವೆ. ಬೆಚ್ಚಗಾದ ಕೂಡಲೇ ಎದ್ದು ಓಡಾಡುತ್ತವೆ. ಹೊರಗಿನ ಅಟ್ಟಿಯೂ ಮನೆಯ ಮರದ ಗೋಡೆಗೆ ತಾಗದಿರಲಿ.

ಚಿಮಣಿಗೆ ಬೆಂಕಿ ಬೀಳುತ್ತದೆ ಎನ್ನುತ್ತಾರಲ್ಲ, ನಿಜವಾ?

ನಿಜ. ಹಸಿ ಸೌದೆಯಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಇದರದೇ.

ನೀರು ತುಂಬಿದ ಸೌದೆ ಪೂರ್ತಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆ ತಣ್ಣಗಿನ ಚಿಮಣಿ ಗೋಡೆಗೆ ತಾಗಿ ಅಂಟಂಟಾಗಿ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಅಡುಗೆಮನೆಯ ಜಂತಿಯಲ್ಲಿ ನೇತಾಡುತ್ತಿದ್ದ ಇಲ್ಲಣ ನೆನಪಿದೆಯಾ? ಅದು ಪುಡಿ. ಇದು ಟಾರಿನಂತೆ ಗಟ್ಟಿ, ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಚಿಮಣಿಯೊಳಗೆ ಸುಮಾರು 1,100 ಡಿಗ್ರಿವರೆಗೂ ಶಾಖ ಏರಬಹುದು. ರೈಲು ಹೋದ ಹಾಗೆ ಸದ್ದು ಬರುತ್ತದೆ. ಆಗ ಒಲೆಯ ಗಾಳಿಕಿಂಡಿ ಮುಚ್ಚಿ, ಎಲ್ಲರೂ ಹೊರಗೆ ಬಂದು, ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು.

ನಮ್ಮ ಮೊದಲ ಚಳಿಗಾಲ ಮುಗಿದ ಮೇಲೆ ಚಿಮಣಿ ಗುಡಿಸುವವರು ಬಂದು ಅರ್ಧ ಬಕೆಟ್ ಹೊಳೆಯುವ ಕಪ್ಪು ಚೂರು ತೆಗೆದು ತೋರಿಸಿದರು. ಎರಡೇ ಕಾರ್ಡ್ ಹಸಿ ಸೌದೆಯ ಫಲ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ವರ್ಷಕ್ಕೊಮ್ಮೆ ತಪ್ಪದೆ ಗುಡಿಸುತ್ತಾರೆ, ಸಿಗುವುದು ಎರಡು ಬೊಗಸೆ ಕಂದು ಪುಡಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ, ಹೊಗೆ ಅಲಾರಂ ಎರಡೂ ಇರಲಿ. ಬೂದಿಯನ್ನು ಮುಚ್ಚಳದ ಲೋಹದ ಡಬ್ಬಿಗೇ ಹಾಕಿ, ಮನೆಯಿಂದ ದೂರ ಇಡಿ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಹೊಗೆಯಿಂದ ಗಾಳಿ ಹಾಳಾಗುವುದಿಲ್ಲವಾ? ಕಾಡಿಗೆ ತೊಂದರೆ ಅಲ್ವಾ?

ಸೌದೆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಒತ್ತೊತ್ತಾಗಿ ಮನೆಗಳಿರುವ ಕಣಿವೆ ಊರಿನಲ್ಲಿದ್ದರೆ, ಅಥವಾ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ನಾನು ಬೇಡ ಎನ್ನುತ್ತೇನೆ. ಉಳಿದವರು ಹೊಸ ಒಲೆ ತೆಗೆದುಕೊಳ್ಳಿ. 2020ರ ಮೇ ತಿಂಗಳಿಂದ ಇಲ್ಲಿ ಮಾರುವ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ ಜಾಸ್ತಿ ಕಣ ಬಿಡಬಾರದು (ಸೀಳಿದ ಸೌದೆಯಲ್ಲೇ ಪರೀಕ್ಷೆ ಮಾಡಿದರೆ 2.5). ಆದರೆ ಆ ಲೆಕ್ಕ ಒಣ ಸೌದೆಗೆ. ಎಷ್ಟೇ ಒಳ್ಳೆ ಒಲೆಯಾದರೂ ಹಸಿ ಹಾಕಿದರೆ ಹೊಗೆಯೇ. ಬಣ್ಣ ಹಚ್ಚಿದ ಮರ, ರಾಸಾಯನಿಕ ಕುಡಿಸಿದ ಹಲಗೆ, ಪಾಯ್ಸನ್ ಐವಿ ಎಂಬ ವಿಷದ ಬಳ್ಳಿ ಸುತ್ತಿದ ತುಂಡು ಯಾವತ್ತೂ ಸುಡಬೇಡಿ.

ಕಾಡಿನ ವಿಷಯಕ್ಕೆ ಬಂದರೆ, ಈ ರಾಜ್ಯದ ಅರ್ಧಕ್ಕಿಂತ ಜಾಸ್ತಿ ನೆಲ ಕಾಡು. ನಮಗೆ ಬರುವುದು ಸತ್ತ ಮರ, ಬಿರುಗಾಳಿಗೆ ಬಿದ್ದ ಮರ. 2011ರ ಅಕ್ಟೋಬರ್ ಕೊನೆಗೆ ಎಲೆ ಉದುರುವ ಮುಂಚೆಯೇ ಭಾರೀ ಹಿಮ ಬಿದ್ದು ಈ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರ ಮುರಿದವು. ಎಷ್ಟೋ ಮನೆಗಳಿಗೆ ಒಂದು ವಾರ ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದಿದ್ದರೆ ಆಯಿಲ್ ಬಾಯ್ಲರ್ ಕೂಡ ಓಡುವುದಿಲ್ಲ. ಸೌದೆ ಒಲೆಗೆ ಅದರ ಹಂಗಿಲ್ಲ, ಅದರ ಮೇಲೆ ಅನ್ನ-ಸಾರೂ ಆಗುತ್ತದೆ.

ನಮ್ಮ ಮಲೆನಾಡಿನಲ್ಲೂ ಹೀಗೆ ಮೂರು ವರ್ಷ ಇಡಬೇಕಾ?

ಬೇಕಿಲ್ಲ. ಅಲ್ಲಿನ ಫೆಬ್ರುವರಿ-ಮೇ ಬಿಸಿಲಿಗೆ ಕಾಫಿ ತೋಟದ ಮರಗಸಿಯ ಕೊಂಬೆಗಳು ಒಂದೇ ಬೇಸಿಗೆಗೆ ಒಣಗುತ್ತವೆ. ಅಲ್ಲಿ ಗಡುವು ಜೂನ್ ಮಳೆ. ಅಷ್ಟರೊಳಗೆ ಕೊಟ್ಟಿಗೆ ತುಂಬಬೇಕು, ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ. ಆದರೂ ಒಂದು ಮಾತು: ದಪ್ಪ ಕುಂಟೆಗಳನ್ನು ಈ ವರ್ಷವೇ ಸೀಳಿ ಮುಂದಿನ ವರ್ಷಕ್ಕೆ ಇಡಿ. ಹೊಗೆ ಎಷ್ಟೋ ಇಳಿಯುತ್ತದೆ. ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥದ್ದು ಇದ್ದರೆ ಒಲೆ ಮುಂದೆ ಕೂರುವವರ ಕಣ್ಣು ಉಳಿಯುತ್ತದೆ.

ನಾವು ಈಗಷ್ಟೇ ಮನೆ ಕೊಂಡಿದ್ದೇವೆ. ಮೂರು ವರ್ಷ ಮುಂದೆ ಹೋಗುವುದು ಹೇಗೆ?

ಮೊದಲ ವರ್ಷ ಸೌದೆಯನ್ನೇ ನಂಬಬೇಡಿ. ಭಟ್ಟಿಯಲ್ಲಿ ಒಣಗಿಸಿದ ಸೌದೆ ಸ್ವಲ್ಪ, ಮರದ ಹೊಟ್ಟನ್ನು ಒತ್ತಿ ಮಾಡಿದ ಇಟ್ಟಿಗೆ ಸ್ವಲ್ಪ, ಉಳಿದದ್ದಕ್ಕೆ ಮನೆಯ ಹೀಟರ್. ಅದೇ ವರ್ಷದ ವಸಂತದಲ್ಲಿ ಎರಡು ವರ್ಷದ ಸೌದೆ ಒಟ್ಟಿಗೆ ತರಿಸಿ. ಎರಡನೇ ಚಳಿಗಾಲಕ್ಕೆ ಆ್ಯಶ್, ಪೈನ್, ಕೆಂಪು ಮೇಪಲ್ ಕೇಳಿ, ತೆಳ್ಳಗೆ ಸೀಳಿ. ಓಕ್ ಬಂದರೆ ಹಿಂದಿನ ಸಾಲಿಗೆ ಹಾಕಿ ಮರೆತುಬಿಡಿ. ಆಮೇಲೆ ವರ್ಷಕ್ಕೆ ಒಂದೊಂದು ಕಾರ್ಡ್ ಜಾಸ್ತಿ. ದಿಮ್ಮಿಯಾಗೇ ಲಾರಿ ಲೋಡ್ ತರಿಸಿ ನೀವೇ ಸೀಳಿದರೆ ಖರ್ಚು ತುಂಬಾ ಇಳಿಯುತ್ತದೆ. ನಮಗೆ ಮುಂದೆ ಹೋಗಲು ನಾಲ್ಕು ವರ್ಷ ಹಿಡಿಯಿತು.

ಮನೆ ಮಾರಿ ಬೇರೆ ಕಡೆ ಹೋಗಬೇಕಾದರೆ ಅಷ್ಟೂ ಸೌದೆ ಏನಾಗುತ್ತದೆ?

ಬಿಟ್ಟು ಹೋಗಬೇಕು. ಸೌದೆ ಜೊತೆ ಹುಳುವೂ ಪಯಣಿಸುತ್ತದೆ. ನಮ್ಮ ರಾಜ್ಯದ ವುಸ್ಟರ್‌ನಲ್ಲಿ 2008ರಲ್ಲಿ ಉದ್ದ ಮೀಸೆಯ ಏಷ್ಯನ್ ದುಂಬಿ ಕಾಣಿಸಿಕೊಂಡು 30,000ಕ್ಕೂ ಜಾಸ್ತಿ ಮರ ಕಡಿಯಬೇಕಾಯಿತು. ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾಯಿಸಿ ಶುದ್ಧ ಮಾಡದ ಸೌದೆಯನ್ನು 80 ಕಿಮೀಗಿಂತ ದೂರ ಸಾಗಿಸುವಂತಿಲ್ಲ. ಬೆಳೆದಲ್ಲೇ ಸುಡಬೇಕು.

ನಾವು ಬಂದಾಗ ಈ ಮನೆಯ ಕೊಟ್ಟಿಗೆಯಲ್ಲಿ ಒಂದೂವರೆ ಕಾರ್ಡ್ ಓಕ್ ಇತ್ತು. ತುದಿಯ ಸೀಳಿನ ಮೇಲೆ ಸೀಮೆಸುಣ್ಣದಲ್ಲಿ ವರ್ಷ ಬರೆದಿತ್ತು, ಅದು ಮೂರು ವರ್ಷ ಹಿಂದಿನದು. ಆ ಯಜಮಾನರಿಗೆ ಎಂಬತ್ತು ದಾಟಿತ್ತು, ಮಗನ ಮನೆಗೆ ಹೋಗಿದ್ದರು. ಅಕ್ಟೋಬರ್, ನವೆಂಬರ್ ಎರಡು ತಿಂಗಳು ನಮ್ಮ ಮನೆ ಬೆಚ್ಚಗಿದ್ದದ್ದು ಅವರು ಸೀಳಿದ ಸೌದೆಯಿಂದ. ಈಗ ನಮ್ಮ ಪ್ರತಿ ಅಟ್ಟಿಯ ತುದಿಗೂ ಮಗಳು ಸೀಮೆಸುಣ್ಣದಲ್ಲಿ ವರ್ಷ ಬರೆಯುತ್ತಾಳೆ, ಕನ್ನಡ ಅಂಕಿಯಲ್ಲಿ.